ಹೊದಿಕೆ ಹೊಸದು, ಪಾಠ ಹಳೆಯದು



ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಅಣ್ಣನ ಹಳೆಯ ಪುಸ್ತಕಕ್ಕೆ ಹೊಸ ಕಂದು ಕಾಗದದ ಹೊದಿಕೆ ಹಾಕಿಕೊಂಡು ಬರುತ್ತಿದ್ದವರು ನಿಮ್ಮಲ್ಲೇ ಅನೇಕರಿದ್ದೀರಿ. ಒಳಗಿನ ಹರಿದ ಪುಟ ಹರಿದೇ ಇರುತ್ತಿತ್ತು. ಮೊಬೈಲ್ ಕಂಪನಿಗಳು ಲಾಂಛನ ಬದಲಿಸಿದಾಗಲೆಲ್ಲ ನನಗೆ ಆ ಹೊದಿಕೆಯೇ ನೆನಪಾಗುತ್ತದೆ. ನಿಮಗಾದರೂ ಬಡತನದ ಕಾರಣವಿತ್ತು.

2003ರ ಹಚ್ ಜಾಹೀರಾತನ್ನು ಮರೆತವರುಂಟೇ? ಹುಡುಗ ಹೋದಲ್ಲೆಲ್ಲ ಹಿಂಬಾಲಿಸುವ ಪಗ್ ನಾಯಿ. ನಮ್ಮ ಸಂಪರ್ಕಜಾಲವೂ ಹೀಗೆಯೇ ಎಂಬ ವಾಗ್ದಾನ. 2007ರಲ್ಲಿ ಕಂಪನಿ ವೊಡಾಫೋನ್ ಕೈಸೇರಿತು. ಹೊಸ ಜಾಹೀರಾತಿನಲ್ಲಿ ಅದೇ ನಾಯಿ ಗುಲಾಬಿ ಗೂಡನ್ನು ಬಿಟ್ಟು ಕೆಂಪು ಗೂಡನ್ನು ಹೊಕ್ಕಿತು. ನಿಷ್ಠೆಯ ಪ್ರತಿಮೆಯೇ ಯಜಮಾನನನ್ನು ಬದಲಿಸಿದ ಮೇಲೆ, ನಮ್ಮಿಂದ ನಿಷ್ಠೆಯನ್ನು ಬಯಸುವುದು ಯಾವ ನ್ಯಾಯ?

2009ರಲ್ಲಿ ಜೂಜೂಗಳು ಬಂದವು. ಅವನ್ನು ಚಿತ್ರೀಕರಿಸಿದ್ದು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್. ಇತ್ತ ಕರ್ನಾಟಕದಲ್ಲಿ ಸೇವೆ ನೀಡುತ್ತಿದ್ದ ಸ್ಪೈಸ್ ಸಂಸ್ಥೆಯನ್ನು 2008ರಲ್ಲಿ ಐಡಿಯಾ ಕೊಂಡುಕೊಂಡಿತ್ತು. 2018ರ ಆಗಸ್ಟ್‌ನಲ್ಲಿ ವೊಡಾಫೋನ್, ಐಡಿಯಾ ಎರಡೂ ಒಂದಾದವು. 2020ರ ಸೆಪ್ಟೆಂಬರ್‌ನಲ್ಲಿ ಇಬ್ಬರ ಮೊದಲಕ್ಷರ ಸೇರಿ 'ವಿ' ಹುಟ್ಟಿತು. ಇಂಗ್ಲಿಷ್ ಕಿವಿಗೆ ಅದು 'ನಾವು' ಎಂದು ಕೇಳಬೇಕಂತೆ. ಯಾವ ನಾವು?

"ಮೇಷ್ಟ್ರೇ, ಒಡೆತನ ಬದಲಾದರೆ ಹೆಸರೂ ಬದಲಾಗುವುದು ಸಹಜವಲ್ಲವೇ?" ಎಂದು ನೀವು ಕೇಳಬಹುದು. ಸಹಜವೇ. ಕಲೆಯನ್ನೂ ನಾನು ಹಳಿಯುವುದಿಲ್ಲ. ಜೂಜೂಗಳನ್ನು ಕಂಡು ನಾನೂ ನಕ್ಕವನೇ. ಹೊಸ ಬಣ್ಣವನ್ನೇ ಹೊಸ ಸೇವೆಯೆಂದು ನಂಬಿಸುವ ಜಾಣತನಕ್ಕೆ ಮಾತ್ರ ನನ್ನ ವಿರೋಧ. ಕರೆ ಕಿವಿಗೆ ಮುಟ್ಟಬೇಕಾದರೆ ಗೋಪುರ ಬೇಕು, ತರಂಗಾಂತರ ಬೇಕು, ಬಂಡವಾಳ ಬೇಕು. 2016ರಲ್ಲಿ ಜಿಯೋ ಹೂಡಿದ ದರಸಮರವನ್ನಾಗಲಿ, 2019ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಹೆಗಲೇರಿದ ಸರ್ಕಾರದ ಬಾಕಿಯನ್ನಾಗಲಿ ಯಾವ ಲಾಂಛನ ತಾನೇ ತಡೆದೀತು? ವಿಲೀನದ ವೇಳೆ 40 ಕೋಟಿ ದಾಟಿದ್ದ ಗ್ರಾಹಕರು 2025ರ ಹೊತ್ತಿಗೆ 20 ಕೋಟಿಯ ಆಸುಪಾಸಿಗೆ ಇಳಿದರು. ಜನ ಹೊದಿಕೆಯನ್ನು ನೋಡಲಿಲ್ಲ, ಪುಟ ತೆರೆದು ನೋಡಿದರು.

ನನ್ನ ದೃಷ್ಟಿಯಲ್ಲಿ ಗ್ರಾಹಕನಿಗೆ ನಿಜವಾಗಿ ಬಲ ತಂದದ್ದು ಬೇರೆಯೇ. 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಗೆ ಬಂದ ನಿಯಮವೊಂದು, ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕನ್ನು ನಮಗೆ ಕೊಟ್ಟಿತು. ಅದಕ್ಕೆ ಲಾಂಛನವಿಲ್ಲ, ನಾಯಿಯಿಲ್ಲ, ಹಾಡಿಲ್ಲ. ಹೆಸರು ಅವರದು, ಎಷ್ಟು ಬಾರಿಯಾದರೂ ಬದಲಿಸಿಕೊಳ್ಳಲಿ. ನಿಮ್ಮ ಡೈರಿಗಳಲ್ಲಿರುವ ಹತ್ತಂಕಿಯ ಸಂಖ್ಯೆ ನನ್ನದು, ಅದು ಬದಲಾಗಿಲ್ಲ. ಬಿಡುವಾದಾಗ ಕರೆ ಮಾಡಿ.