ಸರ್ವರ್ ಡೌನ್ ಆದರೆ ನಮ್ಮ ಮಾಹಿತಿ ಕಳುವಾಯಿತೇ?

ಮಧುಗಿರಿಯಲ್ಲಿರಲಿ, ಪಾವಗಡದಲ್ಲಿರಲಿ, 'ಸರ್ವರ್ ಡೌನ್' ಎಂಬ ಮಾತು ಕೇಳದವರಿಲ್ಲ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಸೇವಾಸಿಂಧು ತಾಣ ತೆವಳಿತು. 'ಹ್ಯಾಕ್ ಆಗಿದೆ' ಎಂಬ ಮಾತೂ ಕೇಳಿಬಂತು. ಜನ ಒಟ್ಟಿಗೆ ನುಗ್ಗಿದರೆ ಸರ್ವರ್ ಸುಸ್ತಾಗುವುದು ಸಹಜ. ಆದರೆ ಒಂದೇ ಒಂದು ಇಮೇಲ್‌ಗೂ ಅದು ಸುಸ್ತಾಗಬಹುದು, ಗೊತ್ತೇ?

ಡೊವ್‌ಕಾಟ್ ಎಂಬ ಇಮೇಲ್ ಸರ್ವರ್ ತಂತ್ರಾಂಶದಲ್ಲಿ ಅಂಥ ದೋಷವೊಂದು 2024ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು. ಪತ್ರದ ಮೇಲೆ 'ಇಂದ', 'ಗೆ' ಎಂದು ಬರೆಯುತ್ತೇವಲ್ಲ, ಇಮೇಲ್‌ನಲ್ಲೂ ಹಾಗೆ ವಿಳಾಸದ ಸಾಲುಗಳಿರುತ್ತವೆ. ಇಂಥ 1 ಲಕ್ಷ ಸಾಲುಗಳಿದ್ದರೆ ಓದಲು 12 ಸೆಕೆಂಡ್. 5 ಲಕ್ಷವಿದ್ದರೆ 18 ನಿಮಿಷ! ಸಾಲು ಐದು ಪಟ್ಟು, ಸಮಯ ತೊಂಬತ್ತು ಪಟ್ಟು. ಅಷ್ಟು ಹೊತ್ತೂ ಆ ಪತ್ರಕ್ಕೇ ಸರ್ವರ್ ದುಡಿಯುತ್ತಿದ್ದರೆ ಉಳಿದವರ ಇಮೇಲ್ ತಡವಾಗುತ್ತದೆ. ಇದನ್ನೇ 'ಡಿನಯಲ್ ಆಫ್ ಸರ್ವೀಸ್' ಎನ್ನುವುದು.

ಅಂಚೆ ಕಚೇರಿಯ ಬಾಗಿಲಿಗೆ ಮೂಟೆ ಅಡ್ಡ ಇಟ್ಟಂತೆ ಇದು. ಒಳಗಿನ ಪತ್ರಗಳನ್ನು ಯಾರೂ ಒಡೆದು ಓದಿಲ್ಲ. ಡೊವ್‌ಕಾಟ್ ತಂಡ ಹೊಸ ಆವೃತ್ತಿಯಲ್ಲಿ ಈ ದೋಷವನ್ನು ಸರಿಪಡಿಸಿತು. ಅದನ್ನು ಅಳವಡಿಸಬೇಕಾದವರು ಸರ್ವರ್ ನಡೆಸುವವರು, ಫೋನ್ ಹಿಡಿದ ನಾವಲ್ಲ. ಹಾಗಾಗಿ 'ಸರ್ವರ್ ಹ್ಯಾಕ್ ಆಗಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಬದಲಿಸಿ' ಎಂಬ ಫಾರ್ವರ್ಡ್ ಬಂದರೆ ಒತ್ತಬೇಡಿ, ಹಂಚಲೂಬೇಡಿ. ಪಾಸ್‌ವರ್ಡ್ ಕದಿಯುವ ಬಲೆ ಆ ಲಿಂಕೇ ಆಗಿರಬಹುದು.