ಗುಂಪಿಗೆ ಸೇರದ ಪದ ಯಾವುದು?

ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ: ‘ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ.’ ಉಳಿ, ಗರಗಸ, ಸುತ್ತಿಗೆ, ಮರ ಎಂದು ಕೊಟ್ಟಿದ್ದರೆ ಉತ್ತರ ‘ಮರ’. ಒಂದು ಅಂಕ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಯ ಮಗುವೊಂದು, ‘ನಾಲ್ಕೂ ಒಂದೇ ಗುಂಪು, ಮರಾನೇ ಇಲ್ಲದಿದ್ರೆ ಉಳಿ ಹಿಡ್ಕೊಂಡು ಏನ್ ಮಾಡೋದು?’ ಎಂದರೆ ಸೊನ್ನೆ. ನನ್ನ ತಕರಾರು ಇರುವುದು ಆ ಸೊನ್ನೆಯ ಬಗ್ಗೆ.

ಮನುಷ್ಯರು ಪರಿಕಲ್ಪನೆಗಳನ್ನು ಹೇಗೆ ಕಲಿಯುತ್ತಾರೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಈ ಕ್ಷೇತ್ರದ ಗೋಷ್ಠಿಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ಹಳ್ಳಿಗಾಡಿನ ಮಕ್ಕಳಿಗೆ ಅಮೂರ್ತ ಚಿಂತನೆ ಒಲಿಯುವುದಿಲ್ಲ, ಅವರು ವಸ್ತುಗಳನ್ನು ಬಳಕೆಯಿಂದ ಜೋಡಿಸುತ್ತಾರೆಯೇ ಹೊರತು ವರ್ಗದಿಂದಲ್ಲ. ಹೇಳುವವರ ದನಿಯಲ್ಲಿ ಕನಿಕರವಿರುತ್ತದೆ. ನನಗೆ ಸಿಟ್ಟು ಬರುವುದು ಆ ಕನಿಕರಕ್ಕೇ.

ಈ ಮಾತಿಗೊಂದು ವಂಶಾವಳಿಯಿದೆ. 1931-32ರಲ್ಲಿ ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ ಉಜ್ಬೇಕಿಸ್ತಾನದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಯ ಚಿತ್ರಗಳನ್ನಿಟ್ಟು ಯಾವುದು ಸೇರುವುದಿಲ್ಲ ಎಂದು ಕೇಳಿದರು. ಶಾಲೆಗೆ ಹೋಗದ ರೈತರು ದಿಮ್ಮಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಶಾಲೆ ಮತ್ತು ಸಾಮೂಹಿಕ ಬೇಸಾಯಕ್ಕೆ ಬಂದವರು ಮಾತ್ರ ಸನ್ನಿವೇಶದಾಚೆಗೆ ಯೋಚಿಸುತ್ತಾರೆ ಎಂದು ಲೂರಿಯಾ ತೀರ್ಮಾನಿಸಿದರು. ಆ ತೀರ್ಮಾನ ನಮ್ಮ ತರಗತಿಗಳಲ್ಲಿ ಇಂದಿಗೂ ಓಡಾಡಿಕೊಂಡಿದೆ.

ಅದರ ಪಕ್ಕದಲ್ಲೇ ಇಟ್ಟು ಓದಬೇಕಾದ ಇನ್ನೊಂದು ಕತೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಲೈಬೀರಿಯಾದ ಕ್ಪೆಲ್ಲೆ ಜನರ ನಡುವೆ ಕೆಲಸ ಮಾಡಿದ ಜೋಸೆಫ್ ಗ್ಲಿಕ್ ಮತ್ತು ಸಂಗಡಿಗರು ಆಹಾರ, ಬಟ್ಟೆ, ಪಾತ್ರೆ, ಸಲಕರಣೆಗಳನ್ನು ಕೊಟ್ಟು ವಿಂಗಡಿಸಲು ಹೇಳಿದರು. ಅವರು ಚಾಕುವನ್ನು ಕಿತ್ತಳೆಯ ಜೊತೆ ಇಟ್ಟರು, ಏಕೆಂದರೆ ಚಾಕು ಕಿತ್ತಳೆಯನ್ನು ಕೊಯ್ಯುತ್ತದೆ. ಬುದ್ಧಿವಂತ ಹೀಗೇ ಮಾಡುತ್ತಾನೆ ಎಂದೂ ಹೇಳಿದರು. ಕೊನೆಗೆ ಸಂಶೋಧಕರು, ‘ಹಾಗಾದರೆ ದಡ್ಡ ಹೇಗೆ ಮಾಡುತ್ತಾನೆ?’ ಎಂದು ಕೇಳಿದಾಗ, ಆಹಾರ ಒಂದು ಕಡೆ, ಸಲಕರಣೆ ಒಂದು ಕಡೆ ಎಂದು ಪರೀಕ್ಷಕರು ಬಯಸಿದಂತೆಯೇ ಅಚ್ಚುಕಟ್ಟಾಗಿ ಜೋಡಿಸಿಟ್ಟರು. ಅಂದರೆ ಆ ವರ್ಗೀಕರಣ ಅವರಿಗೆ ಗೊತ್ತಿತ್ತು. ಅದು ಜಾಣರ ಕೆಲಸವೆಂದು ಅವರಿಗೆ ಅನಿಸಿರಲಿಲ್ಲ, ಅಷ್ಟೆ.

ಇನ್ನು ನಮ್ಮ ರಾಮನಗರಕ್ಕೆ ಬನ್ನಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಇಲ್ಲಿನ ರೇಷ್ಮೆಗೂಡು ಮಾರುಕಟ್ಟೆಗೆ ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ಗೂಡು ಬರುತ್ತದೆ. ರೀಲರ್ ಒಬ್ಬ ಗೂಡಿನ ರಾಶಿಗೆ ಕೈಹಾಕಿ ಒಂದು ಹಿಡಿ ಎತ್ತುತ್ತಾನೆ. ಹೆಬ್ಬೆರಳಲ್ಲಿ ಒತ್ತಿ ಗಟ್ಟಿತನ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಕಲೆಯಾದ ಗೂಡು, ತೆಳು ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಅಳೆದು, ಕಿಲೋಗೆ ಎಷ್ಟು ಕೂಗಬೇಕೆಂದು ನಿರ್ಧರಿಸುತ್ತಾನೆ. ನನ್ನಂಥವರಿಗೆ ಅಲ್ಲಿ ಕಾಣುವುದು ಬಿಳಿ ಗೂಡು, ಹಳದಿ ಗೂಡು ಎಂಬ ಎರಡೇ ಬಗೆ.

ಇದನ್ನು ನಾವು ‘ಅನುಭವ’, ‘ಕೈಗುಣ’ ಎಂದು ಕರೆದು ಮುಂದೆ ಹೋಗುತ್ತೇವೆ. ಅರಿವಿನ ವಿಜ್ಞಾನಿಗಳು ಹಾಗೆ ಮುಂದೆ ಹೋಗಲಿಲ್ಲ. ಅಮೆರಿಕದ ರಾಬರ್ಟ್ ಗೋಲ್ಡ್‌ಸ್ಟೋನ್ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಗಾತ್ರ ಮತ್ತು ಹೊಳಪಿನಲ್ಲಿ ಬೇರೆಬೇರೆಯಾದ ಚೌಕಗಳನ್ನು ತೋರಿಸಿ ವಿಂಗಡಿಸಲು ಕಲಿಸಿದರು. ಗಾತ್ರದಿಂದ ವಿಂಗಡಿಸಲು ಕಲಿತವರು ಗಾತ್ರದ ಸಣ್ಣ ವ್ಯತ್ಯಾಸಗಳನ್ನೂ ಹೆಚ್ಚು ಚೆನ್ನಾಗಿ ಗುರುತಿಸತೊಡಗಿದರು, ಅದರಲ್ಲೂ ಎರಡು ಗುಂಪು ಬೇರೆಯಾಗುವ ಗಡಿಯಲ್ಲಿ. ಮೊದಲು ನೋಡುತ್ತೇವೆ, ಆಮೇಲೆ ಗುಂಪು ಮಾಡುತ್ತೇವೆ ಎಂದು ನಾವು ತಿಳಿದಿದ್ದೇವೆ. ಆದರೆ ಗುಂಪು ಮಾಡಲು ಕಲಿಯುವುದೇ ನೋಟವನ್ನು ತಿದ್ದುತ್ತದೆ. ರೀಲರ್‌ನ ಕಣ್ಣು ಹೀಗೆ ತಿದ್ದಿಕೊಂಡ ಕಣ್ಣು. ಪ್ರಯೋಗಶಾಲೆಯಲ್ಲಿ ಒಂದೆರಡು ಗಂಟೆಯಲ್ಲಿ ಆಗುವುದು ಅವನಿಗೆ ಇಪ್ಪತ್ತು ವರ್ಷ ಆಗಿದೆ. ಅಲ್ಲಿ ತಪ್ಪಿದರೆ ಅಂಕ ಹೋಗುವುದಿಲ್ಲ, ದುಡ್ಡು ಹೋಗುತ್ತದೆ.

ಹುಳು ಸಾಕುವ ಮನೆಗಳ ಮಾತನ್ನೂ ಕೇಳಿ. ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಕೂತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಒಂದನೇ ಜ್ವರದಿಂದ ನಾಲ್ಕನೇ ಜ್ವರದವರೆಗೆ ಲೆಕ್ಕವಿದೆ. ಗೂಡು ಕಟ್ಟುವ ಹೊತ್ತಿಗೆ ಹುಳು ‘ಹಣ್ಣಾಗುತ್ತದೆ’. ರೋಗಗಳಿಗೆ ಹಾಲ್ತೊಂಡೆ, ಸುಣ್ಣಕಟ್ಟು, ಸಪ್ಪೆ, ಗಂಟು ಎಂಬ ಹೆಸರುಗಳಿವೆ. ಸತ್ತ ಹುಳು ಸುಣ್ಣದ ಕಡ್ಡಿಯಂತಾದರೆ ಸುಣ್ಣಕಟ್ಟು, ಮೈಯಿಂದ ಹಾಲಿನಂಥ ದ್ರವ ಒಸರಿದರೆ ಹಾಲ್ತೊಂಡೆ. ಮೊದಲನೆಯದು ಶಿಲೀಂಧ್ರದಿಂದ, ಎರಡನೆಯದು ವೈರಸ್‌ನಿಂದ ಬರುತ್ತದೆ ಎಂದು ವಿಜ್ಞಾನ ಆಮೇಲೆ ಹೇಳಿತು. ಬೇರೆ ಬೇರೆ ಎಂದು ಹೆಸರು ಮೊದಲೇ ಹೇಳಿತ್ತು.

ಇಲ್ಲಿ ನನ್ನ ಎದುರಾಳಿಗಳು ಒಂದು ನ್ಯಾಯವಾದ ಪ್ರಶ್ನೆ ಎತ್ತಬಹುದು: ಕಣ್ಣಿಗೆ ಕಾಣದ ವರ್ಗಗಳ ಗತಿಯೇನು? ಗಂಟು ರೋಗವನ್ನೇ ತೆಗೆದುಕೊಳ್ಳಿ. 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿಗೆ ಹೋಗಿದ್ದು ಈ ರೋಗದ ಬೆನ್ನುಹತ್ತಿ. ಒಂದೇ ಕಾಯಿಲೆ ಎಂದುಕೊಂಡದ್ದು ಗಂಟು ರೋಗ, ಸಪ್ಪೆ ರೋಗ ಎಂಬ ಎರಡು ಕಾಯಿಲೆ ಎಂದು ಅವರಿಗೆ ತಿಳಿಯಲು ವರ್ಷಗಳು ಬೇಕಾದವು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಸೋಂಕಿದ್ದರೆ ಮೊಟ್ಟೆಗಳನ್ನು ನಾಶಮಾಡುವ ಕ್ರಮ ಇಂದಿಗೂ ಬಿತ್ತನೆ ಕೋಠಿಗಳಲ್ಲಿದೆ. ಸರಿ, ಒಪ್ಪುತ್ತೇನೆ. ಮಗುವಿಗೆ ಸೂಕ್ಷ್ಮದರ್ಶಕದ ವರ್ಗಗಳು ಬೇಕೇ ಬೇಕು. ಅವನ್ನು ಕಲಿಸದ ಶಾಲೆ ಶಾಲೆಯೇ ಅಲ್ಲ.

ಆದರೆ ಅದಕ್ಕಾಗಿ ಉಳಿದ ವರ್ಗಗಳನ್ನು ತಪ್ಪೆನ್ನಬೇಕಿಲ್ಲ. ಮಾಗಡಿ ಕಡೆ ಬಿತ್ತನೆ ಗೂಡು ಬೆಳೆಯುವವರಿದ್ದಾರೆ. ಬಿತ್ತನೆಗಾದರೆ ಒಳಗಿನ ಕೋಶ ಜೀವಂತವಾಗಿ, ಆರೋಗ್ಯವಾಗಿರಬೇಕು. ಚಿಟ್ಟೆ ಹೊರಬರುವುದೇ ಗುರಿ. ರೀಲರ್‌ಗಾದರೆ ಗೂಡಿನ ಪದರ ಮುಖ್ಯ. ಚಿಟ್ಟೆ ತೂತು ಮಾಡಿ ಹೊರಬಂತೋ, ಎಳೆ ಕಡಿದು ಆ ಗೂಡು ನೂಲು ಬಿಚ್ಚಲು ಬಾರದು. ಹಾಗಾದರೆ ತೂತಾದ ಗೂಡು ಯಾವ ಗುಂಪಿಗೆ ಸೇರುವುದಿಲ್ಲ? ಯಾರ ಕೆಲಸ ಎಂದು ಕೇಳದೆ ಇದಕ್ಕೆ ಉತ್ತರವಿಲ್ಲ. 1997ರಲ್ಲಿ ಡಗ್ಲಾಸ್ ಮೆಡಿನ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಮರತಜ್ಞರನ್ನೇ ಪರೀಕ್ಷಿಸಿದಾಗಲೂ ಕಂಡದ್ದು ಇದೇ. ಸಸ್ಯ ವರ್ಗೀಕರಣದ ವಿಜ್ಞಾನಿಗಳು ಮರಗಳನ್ನು ವಿಜ್ಞಾನದ ಕುಲಗಳಿಗೆ ಹತ್ತಿರವಾಗಿ ಜೋಡಿಸಿದರು, ಉದ್ಯಾನ ವಿನ್ಯಾಸಕರು ಯಾವ ಮರ ಯಾವ ಜಾಗಕ್ಕೆ ಒದಗುತ್ತದೆ ಎಂದು ಜೋಡಿಸಿದರು. ಅಲ್ಲಿನ ವಿನ್ಯಾಸಕ ಬಳಕೆಯಿಂದ ಜೋಡಿಸಿದರೆ ಪರಿಣತಿ, ಚನ್ನಪಟ್ಟಣದ ಮಗು ಜೋಡಿಸಿದರೆ ಹಿಂದುಳಿದ ಬುದ್ಧಿ! ಈ ತಾರತಮ್ಯಕ್ಕೆ ಯಾವ ಪ್ರಯೋಗದ ಆಧಾರವೂ ಇಲ್ಲ.

ಸಾಹಿತ್ಯದ ಓದುಗರೇ, ಇದು ಶಾಲೆಯ ರಗಳೆ ಎಂದು ನೀವು ಪಾರಾಗುವಂತಿಲ್ಲ. ನವೋದಯ, ನವ್ಯ, ದಲಿತ, ಬಂಡಾಯ ಎಂಬ ಡಬ್ಬಿಗಳಿಗೆ ಲೇಖಕರನ್ನು ತುಂಬಿಸಿ, ‘ಗುಂಪಿಗೆ ಸೇರದ ಕವಿ ಯಾರು’ ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತೇವೆ. ಕುವೆಂಪು ನವೋದಯದವರು. ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ, ನವ್ಯದ ಭರಾಟೆಯ ನಡುವೆ. ಆ ಕಾದಂಬರಿಯನ್ನು ಅದರ ಡಬ್ಬಿಯ ಮುಚ್ಚಳ ತೆಗೆಯದೆ ಓದಿದವನಿಗೆ ಏನು ಕಂಡೀತು? ವಿಂಗಡಣೆ ನೋಟವನ್ನು ತಿದ್ದುತ್ತದೆ ಎಂಬುದು ನಿಜವಾದರೆ, ಕೆಟ್ಟ ವಿಂಗಡಣೆ ನೋಟವನ್ನು ಕೆಡಿಸುತ್ತದೆ ಎಂಬುದೂ ನಿಜ.

ಈ ಪ್ರಶ್ನೆಯನ್ನು ಪತ್ರಿಕೆಯಿಂದ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅದರ ಕೆಳಗೆ ಒಂದೇ ಪದ ಸೇರಿಸಿ: ‘ಏಕೆ?’ ಅಂಕವನ್ನು ಆ ‘ಏಕೆ’ಗೆ ಕೊಡಿ. ಮುಂದಿನ ಪ್ರಶ್ನೆಯಲ್ಲಿ ಅದೇ ನಾಲ್ಕು ಪದಗಳನ್ನು ಇನ್ನೊಂದು ರೀತಿಯಲ್ಲಿ ಗುಂಪು ಮಾಡಲು ಹೇಳಿ. ಎರಡು ರೀತಿಯಲ್ಲೂ ಮಾಡಬಲ್ಲ ಮಗುವಿಗೆ ಅಮೂರ್ತ ಚಿಂತನೆ ಬಂದಿದೆ ಎಂದು ಆಗ ಧಾರಾಳವಾಗಿ ಹೇಳಬಹುದು. ಉತ್ತರಪಟ್ಟಿ ನೋಡಿ ‘ಮರ’ ಎಂಬುದಕ್ಕಷ್ಟೇ ಗುರುತು ಹಾಕುವುದಾದರೆ, ಅಲ್ಲಿ ಪರೀಕ್ಷೆಯಾಗುತ್ತಿರುವುದು ಮಗುವಿನ ವಿಧೇಯತೆ ಮಾತ್ರ.