ಮುಚ್ಚಳದ ಒಳಮೈ

"ಮೇಡಂ, ನೀವು ಒಳಗೆ ಫ್ಯಾನಿನ ಕೆಳಗೆ ಕೂತ್ಕೊಳ್ಳಿ, ಕಾಫಿ ತರಿಸ್ತೇನೆ. ಇದು ಗಾಡಿ ಸಾಮಾನಿನ ವಿಷಯ, ನಿಮಗೆ ಬೇಜಾರಾಗ್ತದೆ."

2021ರ ಡಿಸೆಂಬರಿನಲ್ಲಿ ಜೀಪಿನ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಮಾಲೀಕರು ನನಗೆ ಹೇಳಿದ ಮಾತು ಇದು. ನಾನು ಕೂತೆ. ಕಾಫಿ ಕುಡಿದೆ. ಆಮೇಲೆ ನನ್ನ ಪರ್ಸು ತೆಗೆದು 14 ಸಾವಿರ ರೂಪಾಯಿ ಎಣಿಸಿಕೊಟ್ಟೆ. ದುಡ್ಡು ಎಣಿಸುವಾಗ ಮಾತ್ರ ನನಗೆ ಬೇಜಾರಾದೀತೆಂಬ ಚಿಂತೆ ಯಾರಿಗೂ ಬಂದಂತೆ ಕಾಣಲಿಲ್ಲ.

ಕೊಂಡದ್ದು ಏನು ಎಂದು ಕೇಳಿದರೆ ನೀವು ನಗಬಹುದು. ಒಂದು ಮುಚ್ಚಳ. ಜೀಪಿನ ಹಿಂದಿನ ಆಕ್ಸಲ್ಲಿನ ನಡುವೆ ಬುರುಡೆಯ ಹಾಗೆ ಉಬ್ಬಿಕೊಂಡಿರುತ್ತದಲ್ಲ, ಅದಕ್ಕೆ ಹಾಕುವ ಡಿಫರೆನ್ಶಿಯಲ್ ಮುಚ್ಚಳ. ನಮ್ಮದಕ್ಕೆ ತಗಡಿನ ಮುಚ್ಚಳವಿತ್ತು. 1994ರಲ್ಲಿ ಮಾವನವರು ಜೀಪು ತಂದಾಗಿನಿಂದಲೂ ಅದೇ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನಿಗೆ ಅದು ಭಿಕಾರಿಯಂತೆ ಕಂಡಿತು. ಸ್ನೇಹಿತರನ್ನು ಕಟ್ಟಿಕೊಂಡು ಗುಡ್ಡ, ಹಳ್ಳ, ಕೆಸರು ಎಂದು ಜೀಪು ಓಡಿಸುವ ಹುಚ್ಚು ಅವನಿಗೆ. ಅದಕ್ಕೆ 'ಆಫ್ ರೋಡ್' ಎಂದು ಹೆಸರು. ತೋಟದ ಮನೆಗೆ ಹೋಗಲು ನಾವು ಮೂವತ್ತು ವರ್ಷ ಹಿಡಿಶಾಪ ಹಾಕುತ್ತ ಮಾಡಿದ ಪ್ರಯಾಣಕ್ಕೆ ಇಷ್ಟು ಚಂದದ ಹೆಸರಿದೆಯೆಂದು ನನಗೆ ಗೊತ್ತಿರಲಿಲ್ಲ.

ಹೊಸ ಮುಚ್ಚಳ ಅಲ್ಯೂಮಿನಿಯಮ್ಮಿನದು. ಬೆನ್ನ ಮೇಲೆ ಸಾಲುಸಾಲು ಏಣು, ಕನ್ನಡಿಯಂಥ ಹೊಳಪು. "ಇದ್ರಿಂದ ಎಂತ ಉಪಯೋಗ?" ಎಂದೆ. "ಆಯಿ, ನಿಂಗೆ ಇದ್ರ ಬಗ್ಗೆ ಗೊತ್ತಿಲ್ಲೆ" ಎಂದ. ಗೊತ್ತಿರಲಿಲ್ಲ, ನಿಜ. ಗೊತ್ತು ಮಾಡಿಕೊಳ್ಳದೆ ದುಡ್ಡು ಕೊಟ್ಟದ್ದು ನನ್ನ ತಪ್ಪು. ತರಗತಿಯಲ್ಲಿ ಪ್ರಶ್ನೆ ಕೇಳದ ಮಕ್ಕಳನ್ನು ಗದರುವವಳು ನಾನೇ.

ಮುಂದಿನ ಕತೆ 2022ರ ಜುಲೈ ತಿಂಗಳಿನದು. ನಾವು ಶಿರಸಿ ಪೇಟೆಯಲ್ಲಿದ್ದೇವೆ. ಅತ್ತೆ ಮಾತ್ರ ತೋಟದ ಮನೆ ಬಿಟ್ಟು ಬರಲೊಲ್ಲರು. ಆ ಶನಿವಾರ ನಾವೂ ಅಲ್ಲೇ ಇದ್ದೆವು. ನಡುರಾತ್ರಿ ದಾಟಿದ ಮೇಲೆ ಅತ್ತೆಗೆ ದಮ್ಮು ಹೆಚ್ಚಾಯಿತು. ಕಂಬಳಿ ಹೊದಿಸಿ ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ಮನೆಯಿಂದ ಡಾಂಬರು ರಸ್ತೆಗೆ ಎರಡು ಮೈಲಿ ಮಣ್ಣುದಾರಿ. ನಡುವೆ ಹಳ್ಳಕ್ಕೆ ಇಳಿಯುವ ಒಂದು ಕಡಿದಾದ ಇಳುಕಲು. ಅಲ್ಲಿ ನಮ್ಮ ಮನೆಯವರು ಬ್ರೇಕು ತುಳಿದರು. ಮುಂದಿನ ಚಕ್ರಗಳು ಹಿಡಿದು ಕೆಸರಿನಲ್ಲಿ ಜಾರಿದವು. ಹಿಂದಿನವು ಹಿಡಿಯಲೇ ಇಲ್ಲ. ಕೆಳಗೆ ಹಳ್ಳ ತುಂಬಿ ಮೊರೆಯುತ್ತಿತ್ತು. ಅವರು ಒಂದನೇ ಗೇರಿಗೆ ತಂದು ಜೀಪನ್ನು ಎಡಗಡೆಯ ಧರೆಗೆ ಒರಗಿಸಿಬಿಟ್ಟರು. ತಗಡು ಕಿರುಗುಟ್ಟುತ್ತ ನಾಲ್ಕು ಮಾರು ಹೋಗಿ ನಿಂತಿತು. ಅತ್ತೆ ಕಂಬಳಿಯೊಳಗಿಂದ "ಎಂತಾತೇ ಕೂಸೆ?" ಎಂದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ನೆರೆಮನೆಯವರನ್ನು ಎಬ್ಬಿಸಿ, ಅವರ ಗಾಡಿಯಲ್ಲಿ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಅತ್ತೆ ಉಳಿದರು. ಈಗಲೂ ಗಟ್ಟಿಯಾಗಿದ್ದಾರೆ.

ಮರುದಿನ ನಮ್ಮ ಹಳೆಯ ಮೆಕ್ಯಾನಿಕ್ ಬಂದು ಹಿಂದಿನ ಚಕ್ರ ಬಿಚ್ಚಿದರು. "ಅಕ್ಕೋರೇ, ಇಲ್ಲಿ ನೋಡಿ" ಎಂದು ಕರೆದು ತೋರಿಸಿದರು. ಬ್ರೇಕ್ ಡ್ರಮ್ಮಿನ ಒಳಗೆಲ್ಲ ಎಣ್ಣೆ. ಹಪ್ಪಳ ಕರಿದ ಬಾಣಲೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಎಣ್ಣೆ ಸವರಿದ ಬ್ರೇಕು ಹಿಡಿಯುವುದುಂಟೇ?

ಅವರು ನನ್ನನ್ನು ಫ್ಯಾನಿನ ಕೆಳಗೆ ಕೂರಿಸಲಿಲ್ಲ. ಜೀಪಿನ ಪಕ್ಕದಲ್ಲಿ ಗೋಣಿ ಹಾಸಿ ಕೂರಿಸಿದರು. ಅಂದು ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಬೇಜಾರಾದರೆ ಆಗಲಿ.

ಶಾಲೆಯ ಕವಾಯತು ನೆನಪು ಮಾಡಿಕೊಳ್ಳಿ. ಸಾಲು ಸಾಲಾಗಿ ಹೋಗುವ ಮಕ್ಕಳು ಮೈದಾನದ ಮೂಲೆಯಲ್ಲಿ ತಿರುಗುವಾಗ ಒಳಬದಿಯ ಹುಡುಗಿ ನಿಂತಲ್ಲೇ ಕಾಲು ಬಡಿಯುತ್ತಾಳೆ, ಹೊರಬದಿಯವಳು ಓಡುತ್ತಾಳೆ. ಹಾಗಾದರೆ ಮಾತ್ರ ಸಾಲು ಮುರಿಯುವುದಿಲ್ಲ. ಗಾಡಿ ತಿರುಗುವಾಗಲೂ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಒಂದೇ ಎಂಜಿನ್ನಿನಿಂದ ಎರಡೂ ಚಕ್ರಗಳಿಗೆ ಬಲ ಕೊಟ್ಟೂ ಈ ವ್ಯತ್ಯಾಸಕ್ಕೆ ಅವಕಾಶ ಮಾಡಿಕೊಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಶಿಯಲ್. ಅದರಲ್ಲಿ ದೊಡ್ಡದು ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಕ್ರೌನಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ. ತಿರುಗುತ್ತ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಹಾಗೆ ಎರಚಿದ್ದೇ ಬೇರಿಂಗುಗಳಿಗೆಲ್ಲ ಸಿಗುವ ಎಣ್ಣೆ. ಪಂಪು ಗಿಂಪು ಏನೂ ಇಲ್ಲ.

ಈಗ ಮುಚ್ಚಳಕ್ಕೆ ಬನ್ನಿ. ಕಂಪನಿಯಿಂದ ಬಂದ ತಗಡಿನ ಮುಚ್ಚಳದ ಒಳಗು ಗುಂಡಗೆ, ಬೋಗುಣಿಯ ಹಾಗಿತ್ತು. ಕ್ರೌನು ಎರಚಿದ ಎಣ್ಣೆ ಆ ಗುಂಡನ್ನು ಅನುಸರಿಸಿ ಹರಿದು ಮುಂದೆ ಪಿನಿಯನ್ನಿನ ಕಡೆಗೆ ಹೋಗುತ್ತದೆ. ನಾವು ಕೊಂಡ ಹೊಳೆಯುವ ಮುಚ್ಚಳದ ಒಳಗೋ, ಮಣೆಯ ಹಾಗೆ ಚಪ್ಪಟೆ. ಎಣ್ಣೆ ಅದಕ್ಕೆ ಅಪ್ಪಳಿಸಿ ಚೆಲ್ಲಾಪಿಲ್ಲಿಯಾಗುತ್ತದೆ, ಗಾಳಿ ಬೆರೆತು ನೊರೆಯೇಳುತ್ತದೆ. ಮಜ್ಜಿಗೆ ಕಡೆಯುವ ಹೆಂಗಸರಿಗೆ ನೊರೆಯ ವಿಷಯ ಬಿಡಿಸಿ ಹೇಳಬೇಕೇ? ನೊರೆಯಲ್ಲಿ ಗಾಳಿಯೇ ಹೆಚ್ಚು. ಹಲ್ಲಿನ ಮೇಲೆ ಕೂರಬೇಕಾದ ಎಣ್ಣೆಯ ಪದರ ಅದರಿಂದ ಆಗುವುದಿಲ್ಲ. ಅಮೆರಿಕದಲ್ಲಿ ಗೇಲ್ ಬ್ಯಾಂಕ್ಸ್ ಎಂಬ ಎಂಜಿನಿಯರು ಇಂಥ ಮುಚ್ಚಳಗಳನ್ನು ಪರೀಕ್ಷೆಗೆ ಹಚ್ಚಿ, ಚಪ್ಪಟೆ ಬೆನ್ನಿನವು ಎಣ್ಣೆಯ ಹರಿವನ್ನೇ ಕೆಡಿಸುತ್ತವೆಂದು ತೋರಿಸಿಕೊಟ್ಟಿದ್ದಾನೆ. ಅವನೂ ಮುಚ್ಚಳ ಮಾರುವವನೇ, ಅದನ್ನೂ ಹೇಳಿಬಿಡಬೇಕು. ಆದರೆ ಗುಂಡಗಿನ ಪಾತ್ರೆಯಲ್ಲಿ ಸೌಟು ಸಲೀಸಾಗಿ ತಿರುಗುತ್ತದೆಂದು ತಿಳಿಯಲು ನನಗಂತೂ ಅಮೆರಿಕದ ಸಾಕ್ಷಿ ಬೇಕಿರಲಿಲ್ಲ.

ಬ್ರೇಕಿಗೆ ಎಣ್ಣೆ ಹೋದದ್ದು ಹೇಗೆ? ಎಣ್ಣೆ ತುಂಬುವ ತೂತಿನ ಅಂಚಿಗೆ ಬರುವವರೆಗೆ ಎಣ್ಣೆ ಹಾಕಬೇಕೆಂಬುದು ಹಳೆಯ ರೂಢಿ. ಹೊಸ ಮುಚ್ಚಳದಲ್ಲಿ ಆ ತೂತು ಎರಡು ಬೆರಳು ಮೇಲಿತ್ತು. ಹುಡುಗರು ಅಂಚಿನವರೆಗೂ ಸುರಿದರು. "ಇದ್ರಲ್ಲಿ ಎಣ್ಣೆ ಜಾಸ್ತಿ ಹಿಡೀತದೆ, ಗಾಡಿಗೆ ಒಳ್ಳೇದು" ಎಂದು ಅಂಗಡಿಯಲ್ಲೇ ಹೇಳಿ ಕಳಿಸಿದ್ದರು. ಸಾಲದ್ದಕ್ಕೆ ಆಕ್ಸಲ್ಲಿನ ಮೇಲೆ ಉಸಿರಾಡಲು ಬ್ರೀದರ್ ಎಂಬ ಚಿಕ್ಕ ಕೊಳವೆ ಇರುತ್ತದೆ. ಮಗನ ಕೆಸರಾಟದಲ್ಲಿ ಅದು ಮಣ್ಣು ಕಟ್ಟಿಕೊಂಡಿತ್ತು. ಕುಕ್ಕರಿನ ತೂತು ಕಟ್ಟಿದರೆ ಏನಾಗುತ್ತದೆ ನಿಮಗೆ ಗೊತ್ತು. ಒಳಗೆ ಬಿಸಿಯೇರಿ ಒತ್ತಡ ಹೆಚ್ಚಿದಾಗ ಎಣ್ಣೆ ಹಳೆಯ ಸೀಲನ್ನು ದಾಟಿ, ಆಕ್ಸಲ್ ಗುಂಟ ಹರಿದು, ಡ್ರಮ್ಮಿಗೆ ಇಳಿಯಿತು. ಹದಿನಾಲ್ಕು ಸಾವಿರದ ಹೊಳಪು ನನ್ನ ಅತ್ತೆಯನ್ನು ಹಳ್ಳದ ಬಾಯಿಗೆ ಒಯ್ದದ್ದು ಹೀಗೆ.

ಅಲ್ಯೂಮಿನಿಯಂ ಬೇಗ ಶಾಖ ಬಿಡುತ್ತದೆಂಬುದು ಸುಳ್ಳಲ್ಲ. ಭಾರ ಎಳೆದುಕೊಂಡು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಗಾಡಿಗೆ ಅದರಿಂದ ಪ್ರಯೋಜನವಿದ್ದೀತು. ನಮ್ಮ ಜೀಪು ಓಡುವುದು ಎರಡನೇ ಗೇರಿನಲ್ಲಿ, ಗೊಬ್ಬರದ ಚೀಲ ಹೇರಿಕೊಂಡು. ಆ ಏಣುಗಳ ಸಂದಿಯಲ್ಲಿ ಒಂದೇ ಮಳೆಗೆ ಕೆಸರು ಮೆತ್ತಿ ಒಣಗಿ, ಒಲೆಯ ಮೇಲಿನ ಮಡಕೆಗೆ ಮಣ್ಣು ಬಳಿದಂತಾಗಿತ್ತು. ಶಾಖ ಹೊರಗೆ ಹೋಗುವುದು ಎಲ್ಲಿಂದ?

ಹಾಗೆಂದು ಹೊಸ ಮುಚ್ಚಳವೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಬಂಡೆಗಳ ಮೇಲೆ ನಿಜವಾಗಿ ಓಡಿಸುವವರ ಕಷ್ಟ ಬೇರೆ. ಹಿಂದೆ ಸರಿಯುವಾಗ ಕಲ್ಲು ಬಡಿದರೆ ತಗಡು ನೆಗ್ಗಿ ಕ್ರೌನಿಗೇ ತಾಗುವುದುಂಟು; ಅಂಚು ಸೊಟ್ಟಗಾಗಿ ಎಣ್ಣೆ ಸೋರಿಹೋಗುವುದುಂಟು. ಅಂಥವರಿಗೆ ದಪ್ಪ ಬೀಡು ಕಬ್ಬಿಣದ ಮುಚ್ಚಳವೇ ಸರಿ. ಅದರಲ್ಲಿಯೂ ಬೋಲ್ಟಿನ ತಲೆ ಹುದುಗುವಂತೆ ಸುತ್ತ ದಪ್ಪ ಅಂಚಿರಬೇಕು. ಇಲ್ಲದಿದ್ದರೆ ಕಲ್ಲು ಬೋಲ್ಟಿನ ತಲೆಯನ್ನೇ ತರಿದುಹಾಕುತ್ತದೆ, ಆಮೇಲೆ ಬಿಚ್ಚುವುದೇ ಬ್ರಹ್ಮವಿದ್ಯೆ. ಕೆಳಗೊಂದು ಎಣ್ಣೆ ಇಳಿಸುವ ತಿರುಪು, ಅದರ ತುದಿಗೆ ಕಬ್ಬಿಣದ ಪುಡಿ ಹಿಡಿಯುವ ಅಯಸ್ಕಾಂತ ಇದ್ದರೆ ಒಳ್ಳೆಯದು. ನನ್ನ ಮಟ್ಟಿಗೆ ಇಡೀ ಹೊಸ ಮುಚ್ಚಳದಲ್ಲಿ ದುಡ್ಡಿಗೆ ಬೆಲೆ ಬಂದ ಭಾಗ ಆ ಅಯಸ್ಕಾಂತವೊಂದೇ. ಇನ್ನು ಅಳತೆ. ಅಮೆರಿಕದ ಜೀಪುಗಳಲ್ಲಿ ಹೆಸರಾದ ಡಾನಾ 44 ಆಕ್ಸಲ್ಲಿನ ಮುಚ್ಚಳಕ್ಕೆ 10 ಬೋಲ್ಟು. ಎಲ್ಲ ಆಕ್ಸಲ್ಲಿಗೂ ಲೆಕ್ಕ ಅದೇ ಅಲ್ಲ, ಆಕಾರವೂ ಅದೇ ಅಲ್ಲ. "ಎಲ್ಲ ಗಾಡಿಗೂ ಆಗ್ತದೆ" ಎನ್ನುವವರನ್ನು ನಂಬಬೇಡಿ. ಮಾರುತಿ ಜಿಪ್ಸಿಯ ಆಕ್ಸಲ್ಲಿಗೆ ಹಿಂಬದಿಯಿಂದ ಬಿಚ್ಚುವ ಮುಚ್ಚಳವೇ ಇಲ್ಲ, ಬೆಸೆದುಬಿಟ್ಟಿರುತ್ತಾರೆ; ಒಳಗಿನ ಹಲ್ಲುಚಕ್ರಗಳನ್ನು ತೆಗೆಯುವುದು ಮುಂದಿನಿಂದ. ಅದಕ್ಕೂ ಒಂದು ಮುಚ್ಚಳ ಮಾರಲು ನೋಡಿದ ಮಹಾನುಭಾವರನ್ನು ನಾನು ಬಲ್ಲೆ.

ನನ್ನ ಜಗಳ ಅಂಗಡಿಯವರೊಂದಿಗೆ ಅರ್ಧ. ಇನ್ನರ್ಧ ನಮ್ಮ ಸ್ಟಾಫ್ ರೂಮಿನವರೊಂದಿಗೆ. ಈ ಕತೆಯನ್ನು ಅಲ್ಲಿ ಹೇಳಿದಾಗ ಒಬ್ಬರು, "ಅಯ್ಯೋ, ಅದೆಲ್ಲ ಗಂಡಸರ ಕೆಲಸ ಬಿಡಿ, ನಾವ್ಯಾಕೆ ತಲೆ ಹಾಕೋದು?" ಎಂದು ನಕ್ಕುಬಿಟ್ಟರು. ಅದೇ ಗೆಳತಿ ಕಳೆದ ಮದುವೆ ಸೀಸನ್ನಿನಲ್ಲಿ ಒಂದು ರೇಷ್ಮೆ ಸೀರೆಗೆ ಮೂರು ಅಂಗಡಿ ಹತ್ತಿಳಿದು, ಪ್ರತಿಯೊಂದರ ಸೆರಗನ್ನೂ ತಿರುವಿ ಹಿಂಬದಿಯ ಜರಿ ಎಳೆ ನೋಡಿದವರು. ಪಾತ್ರೆ ಕೊಳ್ಳುವಾಗ ತಳ ಬಡಿದು ಸದ್ದು ಕೇಳುತ್ತೇವೆ. ಬದನೆಕಾಯಿಗೂ ತೊಟ್ಟು ತಿರುಗಿಸಿ ನೋಡುತ್ತೇವೆ. ಮನೆಮಂದಿಯ ಪ್ರಾಣ ಹೊತ್ತೊಯ್ಯುವ ಗಾಡಿಯ ಸಾಮಾನು ಬಂದಾಗ ಮಾತ್ರ ಕಾಫಿ ಕುಡಿಯುತ್ತ ಕೂರುತ್ತೇವೆ. ಜೀಪಿನ ಸಾಲದ ಕಂತು ಯಾರ ಸಂಬಳದಿಂದ ಹೋಗುತ್ತದೆ? ರಾತ್ರಿ ಆ ಸೀಟಿನಲ್ಲಿ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವವರು ಯಾರು? ಗಂಡಸರ ಕೆಲಸವಂತೆ!

ಮಗನ ಮೇಲೂ ಸಿಟ್ಟಿದೆ. ಆದರೆ ಅವನು ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಿ ಹ್ಯಾಂಗಿದ್ದು?" ಎಂದು ಮೂರು ಸಲ ಕೇಳಿದ. ಅದರ ಮೇಲೆ ಬೈಯಲು ನನ್ನಿಂದಾಗಲಿಲ್ಲ.

ಹಳೆಯ ಮುಚ್ಚಳ ಎಲ್ಲಿ ಹೋಯಿತೆಂದು ಹುಡುಕಿದೆವು. ಅತ್ತೆ ಅದನ್ನು ಹಿತ್ತಿಲಲ್ಲಿ ನಾಯಿಗೆ ಅನ್ನ ಹಾಕಲು ಇಟ್ಟುಕೊಂಡಿದ್ದರು. ಮೆಕ್ಯಾನಿಕ್ ತೊಳೆದು, ಅಂಚನ್ನು ಸಮತಟ್ಟು ಮಾಡಿ, ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು. ಸೀಲು, ಬ್ರೇಕಿನ ಲೈನರು ಹೊಸದು. ಬ್ರೀದರಿಗೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ, ಹಳ್ಳದ ನೀರು ಮುಟ್ಟದಷ್ಟು ಮೇಲಕ್ಕೆ ಒಯ್ದು ಕಟ್ಟಿದರು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದಂತೆ. ಆಗ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ನಳಿಗೆಗೆ ನೂರು ರೂಪಾಯಿಯೂ ಬೀಳಲಿಲ್ಲ. ಅದನ್ನು ಮಾರಲು ಯಾವ ಅಂಗಡಿಯವರೂ ಕಾಫಿ ತರಿಸುವುದಿಲ್ಲ.

ಹೊಳೆಯುವ ಮುಚ್ಚಳವನ್ನು ಚೀಲದಲ್ಲಿ ಹಾಕಿಕೊಂಡು ಆಗಸ್ಟಿನಲ್ಲಿ ಆ ಅಂಗಡಿಗೆ ನಾನೊಬ್ಬಳೇ ಹೋದೆ. ಮಾಲೀಕರು ಗುರುತು ಹಿಡಿದು, "ಬನ್ನಿ ಮೇಡಂ, ಕೂತ್ಕೊಳ್ಳಿ, ಕಾಫಿ..." ಎಂದರು. ಬೇಡವೆಂದೆ. ಮುಚ್ಚಳವನ್ನು ಗಲ್ಲೆಯ ಮೇಲೆ ಬೋರಲಲ್ಲ, ಅಂಗಾತ ಇಟ್ಟೆ. "ಇದರ ಒಳಗು ಯಾಕೆ ಚಪ್ಪಟೆ ಇದೆ, ಹೇಳಿ" ಎಂದೆ. ಅವರು ಸುತ್ತಮುತ್ತ ನೋಡಿದರು. "ಮಗ ಬರ್ಲಿಲ್ವಾ ಮೇಡಂ?" ಎಂದರು.